ಚೆಲ್ಲೋ ಹೊತ್ತು ಬಂದ ತಮ್ಮನಿಗೆ

ತಮ್ಮಾ, ರಾಯಚೂರಿನಿಂದ ಚೆಲ್ಲೋ, ಅಂದರೆ ಕೂತು ನುಡಿಸುವ ದೊಡ್ಡ ಪಿಟೀಲಿನಂಥ ವಾದ್ಯ, ಕಲಿಯಲು ಜರ್ಮನಿಗೆ ಬಂದು ಎರಡು ತಿಂಗಳಾಯಿತು, ಇದೊಂದನ್ನೇ ನಂಬಿ ಇಲ್ಲಿ ಬದುಕಬಹುದಾ ಅಂತ ಕೇಳಿದ್ದೀಯ. ನಾನು ಕೊಪ್ಪಳದವಳು. ನೆಲದ ಮೇಲೆ ಕೂತು ಪಿಟೀಲು ಕಲಿತು, ಆಮೇಲೆ ಚೆಲ್ಲೋ ಹಿಡಿದವಳು. ಇಲ್ಲಿನ ಲೈಪ್‌ಜಿಗ್ ನಗರಕ್ಕೆ ಬಂದು ಹದಿನಾರು ವರ್ಷವಾಯಿತು. ಖಂಡಿತ ಬದುಕಬಹುದು. ಆದರೆ ಆರ್ಕೆಸ್ಟ್ರಾದ ಕುರ್ಚಿ, ಅಂದರೆ ಕಾಯಂ ಕೆಲಸ, ಸಿಕ್ಕಮೇಲೇ ಬದುಕು ಶುರು ಅಂತ ಕಾಯಬೇಡ.

ನಾನು ಹಾಗೇ ಕಾದೆ. ಇಲ್ಲಿ ಆಡಿಷನ್ನಿನ ಮೊದಲ ಸುತ್ತು ಹೆಚ್ಚಾಗಿ ಪರದೆಯ ಹಿಂದೆ ನಡೆಯುತ್ತದೆ. ನುಡಿಸುತ್ತಿರುವುದು ಯಾರು ಅಂತ ಆಯ್ಕೆ ಮಾಡುವವರಿಗೆ ಗೊತ್ತಾಗುವುದಿಲ್ಲ. ನುಡಿಸಬೇಕಾದದ್ದು ಸಾಮಾನ್ಯವಾಗಿ ಹೈಡನ್ ಎಂಬ ಸಂಗೀತಕಾರ ಚೆಲ್ಲೋಗೆ ಬರೆದ ಡಿ ಮೇಜರ್ ಕನ್ಸರ್ಟೋ. ಎರಡು ನಿಮಿಷಕ್ಕೆ ಆಚೆಯಿಂದ "ಸಾಕು, ಥ್ಯಾಂಕ್ಸ್" ಅಂತ ದನಿ ಬರುತ್ತದೆ. ನನಗೆ ಒಂಬತ್ತು ಸಲ ಬಂತು. ಒಂಬತ್ತನೇ ಸಲ ರೈಲಿನಲ್ಲಿ ಚೆಲ್ಲೋ ಪೆಟ್ಟಿಗೆ ತಬ್ಬಿಕೊಂಡು ಅತ್ತಿದ್ದೇನೆ. ಆಯ್ಕೆಯಾದವರಿಗೂ ಮೊದಲು ಪರೀಕ್ಷಾ ಅವಧಿ ಇರುತ್ತದೆ, ಅದು ಮುಗಿದಾಗ ಉಳಿಸಿಕೊಳ್ಳಬೇಕಾ ಬೇಡವಾ ಅಂತ ಜೊತೆಯ ವಾದಕರೇ ವೋಟು ಹಾಕುತ್ತಾರೆ.

ನನಗೆ ಅನ್ನ ಕೊಟ್ಟಿದ್ದು ಪಾಠ. ಒಂದು ಸಂಗೀತ ಶಾಲೆಯಲ್ಲಿ ನನ್ನ ಪಾಠ ಪರೀಕ್ಷಿಸಲು ಅಂತ ಏಳು ವರ್ಷದ ಹುಡುಗನನ್ನು ಮುಂದೆ ಕೂರಿಸಿದರು. ಅವನ ಬೆರಳು ಸ್ವರಕ್ಕೆ ಕೂರುತ್ತಲೇ ಇರಲಿಲ್ಲ. ನೊಟೇಷನ್ ಹಾಳೆ ಮಗುಚಿಟ್ಟೆ. "ಮೊದಲು ಹಾಡು" ಅಂದೆ. ಹಾಡಿದ, ಆಮೇಲೆ ಬೋ (ಕಮಾನು) ಎಳೆದ, ಸ್ವರ ಸರಿಯಾಗಿ ನಿಂತಿತು. ನಮ್ಮ ಗುರುಗಳು ಕಲಿಸಿದ್ದೇ ಹಾಗಲ್ವಾ? ಆ ಕೆಲಸ ಇವತ್ತಿಗೂ ಇದೆ. ಡಿಸೆಂಬರಿನಲ್ಲಿ ಚರ್ಚುಗಳಲ್ಲಿ ಸಂಗೀತಕಾರ ಬಾಖ್‌ನ ಕ್ರಿಸ್ಮಸ್ ಒರಟೋರಿಯೋ ಎಂಬ ದೊಡ್ಡ ಗಾಯನ ಕೃತಿಗೆ ನುಡಿಸಲು ಕರೆ ಬರುತ್ತದೆ. ಇಂಥ ಬಿಡಿ ಕೆಲಸಕ್ಕೆ ವಾದಕರು ಮುಗ್ಗೆ ಅನ್ನುತ್ತಾರೆ, ಕೀಳಾಗಿ ನೋಡಬೇಡ. ಮುಂದೆ ಸ್ವತಂತ್ರವಾಗಿ ದುಡಿಯಲು ಶುರು ಮಾಡಿದಾಗ ಕಲಾವಿದರ ಸಾಮಾಜಿಕ ನಿಧಿಗೆ ಅರ್ಜಿ ಹಾಕು. ಸೇರಿಸಿಕೊಂಡರೆ ಆರೋಗ್ಯ ವಿಮೆ, ಪಿಂಚಣಿಯ ಕಂತಿನಲ್ಲಿ ಸುಮಾರು ಅರ್ಧ ಮಾತ್ರ ನಿನ್ನದು.

ಚೆಲ್ಲೋ ಬಗ್ಗೆ ಈಗಲೇ ಹೇಳಬೇಕು. ನಮ್ಮ ಕಡೆ ಬಿಸಿಲಿಗೆ ಹೆದರುತ್ತೇವೆ, ಇಲ್ಲಿ ಚಳಿಗಾಲಕ್ಕೆ ಹೆದರಬೇಕು. ಹೀಟರ್ ಹಾಕಿದ ಕೋಣೆ ಪೂರ್ತಿ ಒಣಗುತ್ತದೆ. ನನ್ನ ಮೊದಲ ಜನವರಿಯಲ್ಲಿ ರಾತ್ರಿ ಎರಡಕ್ಕೆ ಟಪ್ ಅಂತ ಸದ್ದಾಯಿತು. ದೀಪ ಹಾಕಿ ನೋಡಿದರೆ ಮೇಲಿನ ಹಲಗೆ ಅಂಚಿನಲ್ಲಿ ಗೇಣುದ್ದ ಬಿಟ್ಟಿತ್ತು, ಉಗುರು ತೂರುವಷ್ಟು. ರಿಪೇರಿಯವರು ಸಮಾಧಾನ ಮಾಡಿದರು: ಅಂಟು ಬಿಡಲಿ ಅಂತಲೇ ಹಾಕಿರುತ್ತಾರೆ, ಬಿಡದಿದ್ದರೆ ಮರವೇ ಸೀಳುತ್ತದೆ. ಗಾಳಿಯ ತೇವ ಅಳೆಯುವ ಒಂದು ಹೈಗ್ರೋಮೀಟರ್ ತಗೋ. ತೇವಾಂಶ ಶೇ. 40ಕ್ಕಿಂತ ಕೆಳಗಿಳಿಯದಂತೆ ನೋಡಿಕೋ.

ಚೆಲ್ಲೋ ಒಂದಕ್ಕೇ ಬಾಖ್ ಬರೆದ ಆರು ಸೂಟ್ ಕೃತಿಗಳು ಇನ್ನೂ ಕೈಗೆ ಹತ್ತಿಲ್ಲ ಅಂತ ಬೇಜಾರಾಗಬೇಡ. ಹೆಸರಾಂತ ಚೆಲ್ಲೋ ವಾದಕ ಪಾಬ್ಲೋ ಕಸಾಲ್ಸ್‌ಗೆ ಅವುಗಳ ನೊಟೇಷನ್ ಪುಸ್ತಕ ಬಾರ್ಸಿಲೋನಾದ ಒಂದು ಅಂಗಡಿಯಲ್ಲಿ ಸಿಕ್ಕಾಗ 13 ವರ್ಷ. ಆರನ್ನೂ ರೆಕಾರ್ಡ್ ಮಾಡಿ ಮುಗಿಸಿದ್ದು 1939ರಲ್ಲಿ, ಅರವತ್ತು ದಾಟಿದ ಮೇಲೆ.

ಶನಿವಾರ ಮನೆಗೆ ಬಾ. ರೊಟ್ಟಿ ಮಾಡುತ್ತೇನೆ, ಅಮ್ಮ ಕಳಿಸಿದ ಗುರೆಳ್ಳು ಪುಡಿ ಇದೆ. ಹೈಡನ್ ತಗೊಂಡು ಬಾ. ಬಾಗಿಲಿಗೆ ಒಂದು ಬೆಡ್‌ಶೀಟ್ ಕಟ್ಟಿ ನಾನು ಆಚೆ ಕೂರುತ್ತೇನೆ. ನೀನು ಪೂರ್ತಿ ನುಡಿಸುವವರೆಗೂ ಸಾಕು ಅನ್ನುವುದಿಲ್ಲ.