ನಾವಿಕನ ಸಾಕ್ಷಿಯಲ್ಲಿ ‘ನಾನು’ ಯಾಕಿಲ್ಲ?

1650ರ ದಶಕದ ಕಲ್ಲಿದ್ದಲು ಹಡಗುಗಳ ಡಿಕ್ಕಿಯ ಸಾಕ್ಷಿಯಲ್ಲಿ ‘ನಾನು’ ಬದಲು ‘ಈ ಸಾಕ್ಷಿದಾರ ಹೇಳುತ್ತಾನೆ’ ಅಂತ ಯಾಕಿದೆ, ನಂಬಬಹುದಾ ಅಂತ ಕೇಳಿದ್ದೀರಿ.

ಅದನ್ನು ಬರೆದದ್ದು ನಾವಿಕನಲ್ಲ. ಲಂಡನ್ನಿನ ಅಡ್ಮಿರಾಲ್ಟಿ ಕೋರ್ಟಿಗಾಗಿ, ಅಂದರೆ ಹಡಗು-ಸಮುದ್ರದ ವ್ಯಾಜ್ಯಗಳ ಕೋರ್ಟಿಗಾಗಿ, ಅವನು ಬಾಯಲ್ಲಿ ಹೇಳಿದ್ದನ್ನು ಗುಮಾಸ್ತರು ಬರೆದುಕೊಳ್ಳುತ್ತಿದ್ದರು, ಅದಕ್ಕೇ ‘ನಾನು’ ಇಲ್ಲ. ಮೊದಲು ಹೆಸರು, ಊರು, ಕಸುಬು, ವಯಸ್ಸು. ಕೊನೆಗೆ ಸಹಿ. ಬರೆಯಲು ಬಾರದವರು ಒಂದು ಗುರುತು ಹಾಕುತ್ತಿದ್ದರು. ಆ ಗುರುತು ಕಂಡರೆ ನನಗಂತೂ ಆ ಮನುಷ್ಯನೇ ಎದುರು ಕೂತಂತೆ ಅನಿಸುತ್ತದೆ.

ನಂಬುವ ಮೊದಲು ಅವನು ಯಾವ ಹಡಗಿನವನು ಅಂತ ನೋಡಿ. ‘ನಾವು ಲಂಗರು ಹಾಕಿ ನಿಂತಿದ್ದೆವು, ಅವರೇ ಬಂದು ಗುದ್ದಿದರು’ ಅನ್ನುವುದು ಸಹಜ ಅಲ್ವಾ? ಆದರೆ ಸುಮ್ನೆ ತಳ್ಳಿಹಾಕಬೇಡಿ. ಕಲ್ಲಿದ್ದಲಿನ ಬಂದರು ನ್ಯೂಕಾಸಲ್‌ನಿಂದ ಈ ಹಡಗುಗಳು ಇಂಗ್ಲೆಂಡಿನ ಪೂರ್ವ ಕರಾವಳಿ ಹಿಡಿದು ಗುಂಪುಗುಂಪಾಗಿ ಲಂಡನ್ನಿನ ಥೇಮ್ಸ್ ನದಿಗೆ ಬರುತ್ತಿದ್ದವು. ನದಿಯಲ್ಲಿ ಜಾಗ ಇಕ್ಕಟ್ಟು. ಹಾಯಿ ಹಡಗನ್ನು ತಟ್ಟನೆ ನಿಲ್ಲಿಸಲು ಆಗುವುದಿಲ್ಲ. ಹಾಗಾಗಿ ಗಾಳಿ ಯಾವ ಕಡೆಯದು, ಉಬ್ಬರವೋ ಇಳಿತವೋ, ಯಾರು ಲಂಗರು ಹಾಕಿದ್ದರು, ಕೂಗಿ ಎಚ್ಚರಿಸಿದರಾ ಅನ್ನುವ ಮಾತುಗಳಿಗೇ ಬೆಲೆ ಜಾಸ್ತಿ. ಇವನ್ನೇ ಎದುರು ಹಡಗಿನವರ ಸಾಕ್ಷಿಯ ಪಕ್ಕ ಇಟ್ಟು ಓದಿ.

ಈ ಸಾಕ್ಷಿಗಳ ಮೂಲ ಪುಸ್ತಕಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆಗಳ ಸಂಗ್ರಹದಲ್ಲಿವೆ. ‘ಎಚ್‌ಸಿಎ 13’ ಸರಣಿ ಅಂತ ಹುಡುಕಿ; ಎಚ್‌ಸಿಎ ಅಂದರೆ ಹೈಕೋರ್ಟ್ ಆಫ್ ಅಡ್ಮಿರಾಲ್ಟಿ, ಅದೇ ಕೋರ್ಟಿನ ಪೂರ್ತಿ ಹೆಸರು.