ಅಣುಬಾಂಬ್ ಮಾಡಿದ ವಿಜ್ಞಾನಿಗಳಲ್ಲಿ ಯಾರಾದ್ರೂ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾದ ಹೈಡ್ರೋಜನ್ ಬಾಂಬ್ ಬೇಡ ಅಂದಿದ್ರಾ?

ಅಂದವರು ಸುಮಾರು ಜನ ಇದ್ರು. ಆದ್ರೆ ಬೇಡ ಅಂತ ಊರಿಗೆಲ್ಲ ಹೇಳಿ ಆಮೇಲೆ ತಾವೇ ಹೋಗಿ ಅದರ ಲೆಕ್ಕ ಮಾಡ್ಕೊಟ್ಟವರು ಭೌತವಿಜ್ಞಾನಿ ಹಾನ್ಸ್ ಬೆಥೆ. ನಾನು ಎಮ್ಮೆಸ್ಸಿ ಓದುವಾಗ ಇವರ ಹೆಸರಿನ ಫಾರ್ಮುಲಾ ಉರು ಹೊಡೆದಿದ್ದೆ, ಜರ್ಮನ್‌ನಲ್ಲಿ ಆ ಹೆಸರು ಹೆಚ್ಚುಕಮ್ಮಿ ನಮ್ಮ "ಬೇಟೆ" ಥರಾನೇ ಕೇಳುತ್ತೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ.

ತಾಯಿ ಯಹೂದಿ ಮನೆತನದವರು ಅನ್ನೋ ಕಾರಣಕ್ಕೆ 1933ರಲ್ಲಿ ಜರ್ಮನಿಯಲ್ಲಿ ಕೆಲಸ ಹೋಯ್ತು, 1935ಕ್ಕೆ ಅಮೆರಿಕದ ಕಾರ್ನೆಲ್ ಸೇರಿದ್ರು. ಸೂರ್ಯ, ನಕ್ಷತ್ರಗಳು ಹೈಡ್ರೋಜನ್ನನ್ನ ಹೀಲಿಯಂ ಮಾಡ್ತಾ ಹೇಗೆ ಉರೀತವೆ ಅಂತ ಬಿಡಿಸಿ ಹೇಳಿದ್ದು ಇವರೇ, 1967ರ ನೊಬೆಲ್ ಬಂದಿದ್ದೂ ಅದಕ್ಕೇ. 1943ರಲ್ಲಿ, ಅಮೆರಿಕ ಗುಟ್ಟಾಗಿ ಅಣುಬಾಂಬ್ ಮಾಡ್ತಿದ್ದ ಲಾಸ್ ಅಲಾಮೋಸ್ ಲ್ಯಾಬಿನ ಮುಖ್ಯಸ್ಥ ಓಪನ್‌ಹೈಮರ್, ಅಲ್ಲಿನ ಥಿಯರಿ ವಿಭಾಗಕ್ಕೆ ಇವರನ್ನ ಹೆಡ್ ಮಾಡಿದ್ರು. ಆ ಸೀಟು ನಂಗೆ ಬರ್ಬೇಕಿತ್ತು ಅಂತ ಅಲ್ಲೇ ಇದ್ದ ಇನ್ನೊಬ್ಬ ವಿಜ್ಞಾನಿ ಎಡ್ವರ್ಡ್ ಟೆಲ್ಲರ್‌ಗೆ ಹೊಟ್ಟೆ ಉರಿ. ಪ್ಲುಟೋನಿಯಂನ ಒಳಮುಖವಾಗಿ ಅಮುಕಿ ಸ್ಫೋಟ ಮಾಡೋ ಲೆಕ್ಕ ಮಾಡಪ್ಪಾ ಅಂದ್ರೆ ಟೆಲ್ಲರ್ ಮಾಡಲ್ಲ ಅಂದ್ಬಿಟ್ರು. ಆ ಕೆಲಸಕ್ಕೆ ಬ್ರಿಟನ್‌ನಿಂದ ಬಂದವರಲ್ಲಿ ಒಬ್ಬ ಕ್ಲೌಸ್ ಫುಕ್ಸ್, ಸೋವಿಯತ್ ಗೂಢಚಾರ! ಒಬ್ಬರ ಮುನಿಸು ಎಲ್ಲೀವರೆಗೆ ಹೋಯ್ತು ನೋಡಿ.

1949ರಲ್ಲಿ ರಷ್ಯಾ ಬಾಂಬ್ ಸಿಡಿಸಿದ ಮೇಲೆ ಟೆಲ್ಲರ್ ಹೈಡ್ರೋಜನ್ ಬಾಂಬ್‌ಗೆ ಕರೆದ್ರು, ಬೆಥೆ ಒಪ್ಪಲಿಲ್ಲ, ಅಂಥ ಯುದ್ಧ ಗೆದ್ರೂ ಉಳಿಯೋ ಪ್ರಪಂಚ ನಾವು ಉಳಿಸ್ಕೋಬೇಕು ಅಂದ್ಕೊಂಡಿದ್ದ ಪ್ರಪಂಚ ಆಗಿರಲ್ಲ ಅನ್ನೋದು ಅವರ ವಾದ. 1950ರಲ್ಲಿ ಸೈಂಟಿಫಿಕ್ ಅಮೆರಿಕನ್‌ಗೆ ಲೇಖನ ಬರೆದ್ರೆ, ಅಲ್ಲಿನ ಅಣುಶಕ್ತಿ ಆಯೋಗದವರು ಅದರಲ್ಲಿ ಗುಟ್ಟಿದೆ ಅಂತ ಪ್ರಿಂಟಾಗಿದ್ದ 3,000 ಪ್ರತಿ ಸುಡಿಸಿದ್ರು.

ಅಷ್ಟೆಲ್ಲ ಆದ್ಮೇಲೂ ಹೋದ್ರಲ್ಲ, ಯಾಕೆ? ಕೊರಿಯಾ ಯುದ್ಧ ಶುರುವಾಯ್ತು, ಜೊತೆಗೆ ಈ ಬಾಂಬ್ ಆಗೋದೇ ಇಲ್ಲ ಅಂತ ಲೆಕ್ಕದಲ್ಲೇ ತೋರಿಸಿಬಿಡಬಹುದು ಅನ್ನೋ ಆಸೆ ಇತ್ತಂತೆ. 1951ರಲ್ಲಿ ಈ ಬಾಂಬ್ ಮಾಡೋಕೆ ದಾರಿ ತೋರಿಸಿದ ಐಡಿಯಾ ಗಣಿತಜ್ಞ ಉಲಾಮ್ ಮತ್ತು ಟೆಲ್ಲರ್‌ಗೆ ಹೊಳೀತು, ಆ ಆಸೆ ಮಣ್ಣುಪಾಲು, ನಮಗೆ ಆಗತ್ತೆ ಅಂದ್ರೆ ರಷ್ಯಾದವರಿಗೂ ಆಗತ್ತಲ್ಲ ಅಂತ 1952ರಲ್ಲಿ ತಿಂಗಳುಗಟ್ಟಲೆ ಲಾಸ್ ಅಲಾಮೋಸ್‌ನಲ್ಲಿ ಕೂತು ಕೆಲಸ ಮಾಡಿದ್ರು. ಅದೇ ವರ್ಷ ನವೆಂಬರ್ 1ಕ್ಕೆ ಆ ಬಾಂಬ್ ಸಿಡಿಸಿ ನೋಡಿದ್ರು: 10.4 ಮೆಗಾಟನ್, ಅಂದ್ರೆ ಹಿರೋಷಿಮಾದ ಸುಮಾರು 700 ಪಟ್ಟು, ಪೆಸಿಫಿಕ್‌ನಲ್ಲಿ ಒಂದು ದ್ವೀಪಾನೇ ಇಲ್ಲವಾಯ್ತು.

ನನಗೆ ಅವರ ಕಾರಣ ಅರ್ಥ ಆಗತ್ತೆ, ಒಪ್ಪಿಗೆ ಆಗಲ್ಲ. 1995ರಲ್ಲಿ, 90ರ ಹತ್ರ ಬಂದಾಗ, ಇನ್ಮೇಲೆ ಯಾವ ದೇಶದ ವಿಜ್ಞಾನಿಯೂ ಹೊಸ ಅಣ್ವಸ್ತ್ರದ ಕೆಲಸಕ್ಕೆ ಕೈ ಹಾಕಬೇಡಿ ಅಂತ ಬಹಿರಂಗವಾಗಿ ಕೇಳ್ಕೊಂಡ್ರು. ಟೆಲ್ಲರ್ ಅಂತೂ ಕೊನೇವರೆಗೂ ಹಂಗೆಲ್ಲ ಹೇಳ್ಲಿಲ್ಲ ಬಿಡಿ.