ದಾಳಿಂಬೆ ಇರಲಿ, ಮಾತ್ರೆಯನ್ನು ಯಾವುದರ ಜೊತೆ ನುಂಗುತ್ತಿದ್ದೀರಿ?

ಬಸಿರಿನ ಐದನೇ ತಿಂಗಳು, ಹಿಮೋಗ್ಲೋಬಿನ್ 8.6, ಕಬ್ಬಿಣದ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಬದಲಿಗೆ ದಾಳಿಂಬೆ, ಬೀಟ್‌ರೂಟ್ ರಸ ಸಾಕೇ ಎಂದು ಕೇಳಿದ್ದೀರಿ. ಆರು ವರ್ಷಗಳ ಹಿಂದೆ ಜಗಳೂರಿನ ತವರುಮನೆಯಲ್ಲಿ ನಾನೂ ಇದೇ ಲೆಕ್ಕ ಹಾಕುತ್ತ ಕುಳಿತಿದ್ದೆ. ನನ್ನದು 8.9 ಇತ್ತು.

ನಾನು ಮಾತ್ರೆ ತಪ್ಪಿಸಿದವಳಲ್ಲ, ಮನಸ್ಸಿಗೆ ಸಂಕಟವಾಗುವುದೇ ಅದಕ್ಕೆ. ಆಶಾ ಕಾರ್ಯಕರ್ತೆ ಕೊಟ್ಟ ಕೆಂಪು ಮಾತ್ರೆಯನ್ನು ಒಂದು ದಿನವೂ ಬಿಡಲಿಲ್ಲ. ಖಾಲಿ ಪಟ್ಟಿಗಳನ್ನು ತಾಯಿ ಕಾರ್ಡಿನೊಳಗೇ ಇಟ್ಟುಕೊಂಡಿದ್ದೆ. ಆದರೆ ನುಂಗುತ್ತಿದ್ದುದು ಬೆಳಗಿನ ತಿಂಡಿಯಾದ ಮೇಲೆ, ಚಹಾದಲ್ಲಿ. ನೀರಿನಲ್ಲಾದರೆ ತುಕ್ಕಿನ ವಾಸನೆ ಗಂಟಲಿಗೆ ಬರುತ್ತಿತ್ತು. ಹೇಗೂ ಲೋಟ ಕೈಯಲ್ಲಿದೆಯಲ್ಲ ಎಂದು ಕ್ಯಾಲ್ಸಿಯಂ ಮಾತ್ರೆಯನ್ನೂ ಅದರ ಬೆನ್ನಿಗೇ ಇಳಿಸುತ್ತಿದ್ದೆ. ಚಹಾದ ಒಗರು ಕಬ್ಬಿಣವನ್ನು ಕರುಳಿನಲ್ಲೇ ಕಟ್ಟಿಹಾಕುತ್ತದೆ; ಕ್ಯಾಲ್ಸಿಯಂ ಕೂಡ ಅದು ರಕ್ತ ಸೇರಲು ಅಡ್ಡಬರುತ್ತದೆ. ದಿನಕ್ಕೆ 60 ಮಿಲಿಗ್ರಾಂ ಕಬ್ಬಿಣ ನುಂಗಿ, ಮೈಗೆ ಹತ್ತದಂತೆ ನಾನೇ ಎರಡೆರಡು ಬೀಗ ಹಾಕುತ್ತಿದ್ದೆ. ಮಲ ಕಪ್ಪಗಾದರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದು ಅಕ್ಕ ಹೇಳಿದ್ದನ್ನು ಬೇರೆ ನಂಬಿದ್ದೆ. ಹೀರಿಕೊಳ್ಳದೆ ಉಳಿದ ಕಬ್ಬಿಣದ ಬಣ್ಣ ಅದು!

ತಪಾಸಣೆಗೆ ಹೋದಾಗಲೆಲ್ಲ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳುತ್ತಿದ್ದರು, ಹೌದು ಎನ್ನುತ್ತಿದ್ದೆ. ಯಾವುದರ ಜೊತೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಎಂಟನೇ ತಿಂಗಳಿಗೆ 7.4. ದಾವಣಗೆರೆಗೆ ಓಡಿದೆವು. ರಕ್ತನಾಳದ ಮೂಲಕ ಕಬ್ಬಿಣ ಕೊಡುವ ಐರನ್ ಸುಕ್ರೋಸ್ ಡ್ರಿಪ್ ಎರಡು ಸಲ ಆಗುವಷ್ಟರಲ್ಲಿ, 36ನೇ ವಾರಕ್ಕೇ ನೋವು ಶುರುವಾಯಿತು. ಮಗಳು 2.1 ಕಿಲೋ. ಗಟ್ಟಿಮುಟ್ಟಾದ ಬಾಣಂತಿ ತಡೆದುಕೊಳ್ಳುವಷ್ಟು ರಕ್ತ ಹೋಗಿದ್ದಕ್ಕೇ ನನಗೆ ಕಣ್ಣು ಕತ್ತಲಿಟ್ಟಿತು, ರಕ್ತ ಏರಿಸಬೇಕಾಯಿತು. ಮಗು ಒಂಬತ್ತು ದಿನ ನವಜಾತ ಶಿಶು ಘಟಕದಲ್ಲಿ. ಇದೊಂದೇ ಕಾರಣವೆಂದು ವೈದ್ಯರು ಹೇಳಲಿಲ್ಲ. ರಕ್ತಹೀನತೆಯಿದ್ದರೆ ಅವಧಿಗೆ ಮುಂಚಿನ ಹೆರಿಗೆ, ಕಡಿಮೆ ತೂಕ ಎರಡರ ಅಪಾಯವೂ ಹೆಚ್ಚು ಎಂದರು. ಹೊಟ್ಟೆಯಲ್ಲಿದ್ದಾಗ ಕೂಡಿಟ್ಟುಕೊಳ್ಳಬೇಕಾದ ಕಬ್ಬಿಣ ಸಾಲದೆಂದು ಆಮೇಲೆ ಅವಳಿಗೂ ತಿಂಗಳುಗಟ್ಟಲೆ ಹನಿ ಔಷಧಿ.

ಹಾಗಾಗಿ ರಸವೋ ಮಾತ್ರೆಯೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹಿರಿಯೂರಿನ ತೋಟದಿಂದಲೇ ದಾಳಿಂಬೆ ತರಿಸಿದರೂ ನೂರು ಗ್ರಾಂ ಕಾಳಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣ ಇರುವುದಿಲ್ಲ. ಬೀಟ್‌ರೂಟ್ ಕಥೆಯೂ ಅಷ್ಟೇ. ಬಣ್ಣ ನೋಡಿ ಮೋಸ ಹೋಗಬೇಡಿ. ತಿನ್ನಿ, ಬೇಡವೆನ್ನುವುದಿಲ್ಲ, ನುಗ್ಗೆಸೊಪ್ಪನ್ನೂ ತಿನ್ನಿ, ಅಂಗನವಾಡಿಯ ಮಾತೃಪೂರ್ಣ ಊಟವನ್ನೂ ಬಿಡಬೇಡಿ. ಆದರೆ 8.6 ಅದರಿಂದ ಮೇಲೇಳುವುದಿಲ್ಲ.

ಹೊಟ್ಟೆ ತೊಳಸುವುದಕ್ಕೆ ದಾರಿ ಇದೆ. ರಾತ್ರಿ ಊಟವಾಗಿ ಎರಡು ಗಂಟೆಯ ಮೇಲೆ, ಮಲಗುವ ಮುನ್ನ, ನಿಂಬೆಹಣ್ಣು ಹಿಂಡಿದ ನೀರಿನಲ್ಲಿ ನುಂಗಿ ನೋಡಿ, ಕ್ಯಾಲ್ಸಿಯಂ ಹಗಲಿಗಿರಲಿ. ಆಗಲೂ ವಾಂತಿಯಾದರೆ ಸುಮ್ಮನೆ ಬಿಟ್ಟುಬಿಡಬೇಡಿ. ಮಾತ್ರೆ ಬದಲಿಸಬಹುದೇ, ಡ್ರಿಪ್ ಬೇಕೇ ಎಂದು ಈ ವಾರವೇ ವೈದ್ಯರನ್ನು ಕೇಳಿ, ಯಾವ ಹೊತ್ತಿಗೆ ಯಾವುದರ ಜೊತೆ ನುಂಗುತ್ತಿದ್ದೀರಿ ಎಂಬುದನ್ನು ಅವರು ಕೇಳದಿದ್ದರೂ ಹೇಳಿ.

ಹೆರಿಗೆಯಾದ ಮೇಲೂ 180 ದಿನ ಈ ಮಾತ್ರೆ ಇರುತ್ತದೆ. ಬಾಣಂತಿ ಕೋಣೆಗೆ ಯಾರಾದರೂ ಪ್ರೀತಿಯಿಂದ ಮಾತ್ರೆಯ ಜೊತೆ ಬಿಸಿ ಹಾಲು ತಂದುಕೊಟ್ಟರೆ, ಹಾಲಿನಲ್ಲೂ ಇರುವುದು ಅದೇ ಕ್ಯಾಲ್ಸಿಯಂ, ಲೋಟವನ್ನು ಆಮೇಲೆ ಕುಡಿಯುತ್ತೇನೆಂದು ಪಕ್ಕಕ್ಕಿಡಿ.